ಡೇಕೇರ್‌ನಿಂದ ಬಂದ ಕೂಸಿಗೆ ರಾತ್ರಿ ಊಟ ಎಷ್ಟು ಗಂಟೆಗೆ?

ಜೂನ್ ಬಂತೆಂದರೆ ಬೆಳಗಾವಿಯ ಟಿಳಕವಾಡಿ, ಬಾಗಲಕೋಟೆಯ ನವನಗರ, ವಿಜಯಪುರದ ಜಲನಗರದಂಥ ಕಡೆ ಡೇಕೇರ್‌ಗಳಿಗೆ ಹೊಸ ಮಕ್ಕಳು ಬರುತ್ತಾರೆ. ಅಜ್ಜ-ಅಜ್ಜಿ ಅಥಣಿಯಲ್ಲೋ ಇಂಡಿಯಲ್ಲೋ ಹೊಲ-ಮನೆ ನೋಡಿಕೊಂಡಿರುತ್ತಾರೆ. ಇಲ್ಲಿ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಬೇಕು. ಹಗಲಿನ ಚಿಂತೆ ಡೇಕೇರ್‌ನಿಂದ ಒಂದು ಮಟ್ಟಿಗೆ ನೀಗುತ್ತದೆ. ಹೊಸ ಚಿಂತೆ ಶುರುವಾಗುವುದು ಸಂಜೆಗೆ.

ತಾಯಂದಿರು ಹೇಳುವುದು ಹೆಚ್ಚುಕಡಿಮೆ ಒಂದೇ. "ಆರಕ್ಕ ಕರ್ಕೊಂಡ್ ಬರ್ತೀನ್ರಿ. ಬಾಗಲಾ ದಾಟೂದ್ರಾಗ ಅಳಾಕ ಶುರು ಮಾಡ್ತಾನ. ಎಂಟೂವರಿಗೆ ಊಟಕ್ಕ ಕುಂದರಿಸಿದ್ರ ಬಾಯಿನ ತೆರ್ಯಂಗಿಲ್ಲ. ಹತ್ತಾದ್ರೂ ನಿದ್ದಿ ಇಲ್ಲ. ನಸುಕಿನ್ಯಾಗ ಎದ್ದು ಹಾಲು ಬೇಡ್ತಾನ."

ಇವು ನಾಲ್ಕು ಬೇರೆ ಬೇರೆ ತೊಂದರೆಗಳಲ್ಲ. ಸಂಜೆಯ ಊಟದ ಹೊತ್ತು ತಪ್ಪಿದರೆ ನಾಲ್ಕೂ ಒಟ್ಟಿಗೇ ಬರುತ್ತವೆ. ಅದು ಯಾಕೆ, ಸರಿ ಮಾಡುವುದು ಹೇಗೆ ಅಂತ ಮೊದಲಿನಿಂದ ನೋಡೋಣ. ಇಲ್ಲಿ ಮಾತಾಡುತ್ತಿರುವುದು ಒಂದರಿಂದ ಮೂರು ವರ್ಷದ ಮಕ್ಕಳ ಬಗ್ಗೆ.

ಸಣ್ಣ ಹೊಟ್ಟೆಯ ಲೆಕ್ಕ

ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿ. ಅಂದರೆ 10 ಕಿಲೋ ತೂಗುವ ಕೂಸಿನ ಹೊಟ್ಟೆಯಲ್ಲಿ 300 ಮಿಲಿಗೆ ಜಾಗ. ನೀರು, ಹಾಲು, ಅನ್ನ ಎಲ್ಲ ಸೇರಿ ಇಷ್ಟೇ. ಒಂದರಿಂದ ಎರಡು ವರ್ಷದ ಮಗುವಿಗೆ ಒಂದು ಊಟಕ್ಕೆ 250 ಮಿಲಿ ಬಟ್ಟಲಿನ ಮುಕ್ಕಾಲು ಭಾಗದಿಂದ ತುಂಬ ಬಟ್ಟಲಿನವರೆಗೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದೆ. ಇಂಥ ಮೂರು-ನಾಲ್ಕು ಊಟ, ನಡುವೆ ಒಂದೆರಡು ಸಲ ಸಣ್ಣ ತಿನಿಸು. ದಿನಕ್ಕೆ ಒಟ್ಟು ಬೇಕಾಗುವ ಶಕ್ತಿ ಸುಮಾರು 1000 ಕ್ಯಾಲೊರಿ.

ನಾವು ದೊಡ್ಡವರು ಮಧ್ಯಾಹ್ನ ಒಂದಕ್ಕೆ ಉಂಡು ರಾತ್ರಿ ಒಂಬತ್ತರ ತನಕ ತಡೆಯುತ್ತೇವೆ. ಕೂಸು ತಡೆಯುವುದಿಲ್ಲ. ಅದರ ಹೊಟ್ಟೆ ಸಣ್ಣ ಒಲೆ ಇದ್ದಂತೆ. ಒಂದೇ ಸಲ ಸೌದೆ ತುರುಕಿದರೆ ಹೊಗೆ, ಮರೆತು ಬಿಟ್ಟರೆ ಬೂದಿ. ಎರಡೂವರೆ-ಮೂರು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಹಾಕುತ್ತಿರಬೇಕು.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಮೊದಲ ವರ್ಷದಲ್ಲಿ ಕೂಸು ಹುಟ್ಟಿದಾಗಿನ ತೂಕದ ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಇಡೀ ಏರುವುದು ಎರಡು-ಮೂರು ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಂತೆ ಹಸಿವೂ ಇಳಿಯುತ್ತದೆ. "ಮೊದಲ ಛಲೋ ಉಣ್ಣತಿತ್ತು, ಡೇಕೇರ್‌ಗೆ ಹಚ್ಚಿದ ಮ್ಯಾಲೆ ಬಿಟ್ಟೈತಿ" ಅನ್ನುವವರು ಇದನ್ನು ಗಮನಿಸಬೇಕು. ಒಂದು ವರ್ಷ ತುಂಬುವ ಹೊತ್ತಿಗೇ ಡೇಕೇರ್ ಶುರುವಾಗಿರುತ್ತದೆ. ಹಾಗಾಗಿ ತಪ್ಪು ಡೇಕೇರ್‌ನದೇ ಅನಿಸುತ್ತದೆ. ಬಹಳ ಸಲ ಕಾರಣ ವಯಸ್ಸು.

ಆರು ಗಂಟೆಯ ಅಳು

ಡೇಕೇರ್‌ನ ದಿನ ಸಾಮಾನ್ಯವಾಗಿ ಹೀಗಿರುತ್ತದೆ: ಹತ್ತರ ಸುಮಾರಿಗೆ ಸಣ್ಣ ತಿನಿಸು, ಹನ್ನೆರಡೂವರೆಗೆ ಊಟ, ಆಮೇಲೆ ನಿದ್ದೆ, ಎದ್ದ ಮೇಲೆ ಮೂರೂವರೆ-ನಾಲ್ಕಕ್ಕೆ ಹಣ್ಣೋ ಬಿಸ್ಕಿಟ್ಟೋ. ನಾಲ್ಕಕ್ಕೆ ಅರ್ಧ ಬಾಳೆಹಣ್ಣು ತಿಂದ ಕೂಸಿಗೆ ಆರೂವರೆಗೆ ಹೊಟ್ಟೆ ಖಾಲಿ. ಅದೇ ಹೊತ್ತಿಗೆ ದಣಿವೂ ಸೇರಿಕೊಳ್ಳುತ್ತದೆ. ಹತ್ತಾರು ಮಕ್ಕಳ ಗದ್ದಲದಲ್ಲಿ, ಬೇರೆಯವರ ಮಾತು ಕೇಳಿಕೊಂಡು ಇಡೀ ದಿನ ಕಳೆದಿರುತ್ತದೆ. ಅವ್ವನ ಮುಖ ಕಂಡ ಕೂಡಲೇ ಅಷ್ಟು ಹೊತ್ತು ತಡೆದದ್ದೆಲ್ಲ ಹೊರಬರುತ್ತದೆ. ನಂಬಿಕೆ ಇರುವವರ ಮುಂದೆಯೇ ಮಕ್ಕಳು ಹೀಗೆ ಅಳುವುದು. ಇದನ್ನು ಹಟ ಅನ್ನಬೇಡಿ.

ಈ ಹೊತ್ತಿಗೆ ಮನೆಯಲ್ಲಿ ಏನಾಗುತ್ತದೆ? ಅಡುಗೆ ಇನ್ನೂ ಆಗಿರುವುದಿಲ್ಲ. ಅಳು ನಿಲ್ಲಿಸಲು ಒಂದು ಲೋಟ ಹಾಲು, ನಾಲ್ಕು ಬಿಸ್ಕಿಟ್, ಕೈಗೊಂದು ಮೊಬೈಲ್. ಹೊಟ್ಟೆ ತುಂಬುತ್ತದೆ, ಅಳು ನಿಲ್ಲುತ್ತದೆ. ಎಂಟೂವರೆಗೆ ತಾಟು ಮುಂದಿಟ್ಟರೆ ಹಸಿವಿಲ್ಲ, ನಿದ್ದೆ ಎಳೆಯುತ್ತಿದೆ. ಒಂದೊಂದು ತುತ್ತಿಗೆ ಓಡಾಟ. ಉಣಿಸಿ ಮುಗಿಸುವಷ್ಟರಲ್ಲಿ ನಿದ್ದೆಯ ಹೊತ್ತು ದಾಟಿ ಕೂಸು ಮತ್ತೆ ಚುರುಕಾಗಿರುತ್ತದೆ. ಹೊತ್ತು ಮೀರಿ ಎಚ್ಚರ ಇದ್ದಾಗ ದೇಹ ದಣಿವನ್ನು ತಡೆದುಕೊಳ್ಳಲು ಎಚ್ಚರದ ಹಾರ್ಮೋನುಗಳನ್ನು ಬಿಡುತ್ತದೆ. ಹತ್ತು ಗಂಟೆಗೆ ಹಾಸಿಗೆ ಮೇಲೆ ಕುಣಿಯುವ ಕೂಸಿಗೆ ನಿದ್ದೆ ಬಂದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಬಂದ ನಿದ್ದೆ ಹೊತ್ತು ಮೀರಿ ಹೋಗಿರುತ್ತದೆ, ಅಷ್ಟೇ.

ನಿದ್ದೆಯಿಂದ ಹಿಂದಕ್ಕೆ ಎಣಿಸಿ

ಊಟದ ಹೊತ್ತನ್ನು ಅಡುಗೆ ಮುಗಿಯುವ ಸಮಯ ನೋಡಿ ಗೊತ್ತು ಮಾಡುವುದು ನಮ್ಮ ರೂಢಿ. ಸಣ್ಣ ಮಕ್ಕಳ ಮಟ್ಟಿಗೆ ಬೆಳಿಗ್ಗೆ ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು.

ಒಂದರಿಂದ ಎರಡು ವರ್ಷದ ಮಗುವಿಗೆ ಇಡೀ ದಿನದಲ್ಲಿ 11ರಿಂದ 14 ತಾಸು ನಿದ್ದೆ ಬೇಕು. ಮೂರು-ನಾಲ್ಕು ವರ್ಷಕ್ಕೆ 10ರಿಂದ 13 ತಾಸು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಇದು. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರಿದೆ.

ಒಂದು ಲೆಕ್ಕ ಹಾಕೋಣ. ಒಂಬತ್ತಕ್ಕೆ ಡೇಕೇರ್ ಮುಟ್ಟಬೇಕು, ಅಂದರೆ ಏಳಕ್ಕೆ ಏಳಬೇಕು. ಒಟ್ಟು 12 ತಾಸು ನಿದ್ದೆ ಅಂತಿಟ್ಟುಕೊಳ್ಳಿ. ಡೇಕೇರ್‌ನಲ್ಲಿ ಎರಡು ತಾಸು ಮಲಗಿದರೆ ರಾತ್ರಿಗೆ 10 ತಾಸು ಉಳಿಯಿತು. ಒಂಬತ್ತಕ್ಕೆ ಕೂಸು ನಿದ್ದೆ ಹೋಗಿರಬೇಕು. ಬಾಯಿ ತೊಳೆದು, ಬಟ್ಟೆ ಬದಲಿಸಿ, ಕತೆ ಹೇಳಿ ಮಲಗಿಸಲು ಅರ್ಧ-ಮುಕ್ಕಾಲು ತಾಸು ಬೇಕು. ಎಂಟೂಕಾಲಕ್ಕೆ ಅದು ಶುರುವಾಗಬೇಕು. ಹಾಗಾದರೆ ಊಟ ಎಂಟರೊಳಗೆ ಮುಗಿದಿರಬೇಕು. ಒಂಬತ್ತಕ್ಕೆ ಮನೆಮಂದಿಯೆಲ್ಲ ಕೂತು ಉಣ್ಣುವ ಊಟ ಈ ಲೆಕ್ಕದಲ್ಲಿ ಎಲ್ಲೂ ಕೂರುವುದಿಲ್ಲ.

ಊಟಕ್ಕೂ ಮಲಗುವುದಕ್ಕೂ ಒಂದು ತಾಸಿನ ಅಂತರ ಯಾಕೆ ಅಂತ ಕೇಳಬಹುದು. ಅನ್ನನಾಳ ಜಠರಕ್ಕೆ ಸೇರುವ ಕಡೆ ಒಂದು ಬಿಗಿ ಉಂಗುರದಂಥ ಸ್ನಾಯು ಇರುತ್ತದೆ. ತುಂಬಿದ ಹೊಟ್ಟೆಯಲ್ಲಿ ಕೂಡಲೇ ಅಡ್ಡಾದರೆ ಉಂಡದ್ದು ಅದನ್ನು ದಾಟಿ ಮೇಲೆ ಬರಬಹುದು. ಕೂಸು ಹೊರಳಾಡುತ್ತದೆ, ಕೆಮ್ಮುತ್ತದೆ, ಕೆಲವು ಸಲ ವಾಂತಿಯೂ ಮಾಡಿಕೊಳ್ಳುತ್ತದೆ. ಹಾಗಂತ ಬರಿ ಹೊಟ್ಟೆಯಲ್ಲೂ ಮಲಗಿಸಬಾರದು. ನಸುಕಿಗೆ ಹಾಲು ಬೇಡುವ ಮಕ್ಕಳಲ್ಲಿ ಕೆಲವು ಸಂಜೆ ಸರಿಯಾಗಿ ಉಂಡಿರುವುದಿಲ್ಲ. ಕೆಲವಕ್ಕೆ ಅದು ಬರೀ ರೂಢಿ.

ನಮ್ಮ ಭಾಗದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ. ಬೆಳಗಾವಿ ಇರುವುದು ಅದರ ಪಶ್ಚಿಮಕ್ಕೆ, 74.5 ಡಿಗ್ರಿಯ ಹತ್ತಿರ. ಅದಕ್ಕೇ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಅರ್ಧ ತಾಸು ಹಿಂದೆ. ಜೂನ್‌ನಲ್ಲಿ ಹೊತ್ತು ಮುಳುಗುವುದು ಏಳು ದಾಟಿದ ಮೇಲೆ, ನವೆಂಬರ್ ಕೊನೆಗೆ ಆರರ ಸುಮಾರಿಗೆ. ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ಕತ್ತಲಾದ ಮೇಲೆ ಏರುತ್ತದೆ, ಬೆಳಕಿದ್ದರೆ ತಡವಾಗುತ್ತದೆ. ಬೇಸಿಗೆಯಲ್ಲಿ ಕೂಸು ತಡವಾಗಿ ಮಲಗುತ್ತದೆ ಅನ್ನುವ ದೂರಿಗೆ ಇದೂ ಒಂದು ಕಾರಣ. ಏಳೂವರೆಯ ಮೇಲೆ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಸಣ್ಣ ದೀಪ ಹಚ್ಚಿದರೆ ಸಾಕಷ್ಟು ಸಹಾಯ ಆಗುತ್ತದೆ.

ಮನೆಗೆ ಬಂದ ಕೂಡಲೇ ಕೊಡುವುದೇ ರಾತ್ರಿ ಊಟ

ಆರು-ಆರೂವರೆಗೆ ಕೂಸಿಗೆ ನಿಜವಾದ ಹಸಿವು ಇದೆ. ಎಂಟೂವರೆಗೆ ಇಲ್ಲ. ಹಾಗಿದ್ದ ಮೇಲೆ ಒಳ್ಳೆಯ ಊಟವನ್ನು ಹಸಿವಿದ್ದಾಗಲೇ ಕೊಡಬೇಕಲ್ವಾ? ರೊಟ್ಟಿ, ಬ್ಯಾಳಿ, ಪಲ್ಯ, ತುಪ್ಪ ಎಲ್ಲ ಈ ಹೊತ್ತಿಗೇ ಬರಲಿ. ಎಂಟರ ಹತ್ತಿರ ಮನೆಯವರು ತಿನ್ನುವಾಗ ಜೊತೆಗೆ ಕೂರಿಸಿಕೊಳ್ಳಿ. ಎರಡು ತುತ್ತು ಮಜ್ಜಿಗೆ ಅನ್ನವೋ ಸ್ವಲ್ಪ ಹಾಲೋ ಸಾಕು. ತಿನ್ನದಿದ್ದರೂ ಚಿಂತೆ ಇಲ್ಲ, ಮುಖ್ಯ ಊಟ ಆಗಿಹೋಗಿದೆ.

ಎಲ್ಲರೂ ಕೂಡಿ ಉಣ್ಣುವುದು ಮುಖ್ಯ, ಅದನ್ನು ಬಿಡಬೇಡಿ. ದೊಡ್ಡವರು ತಿನ್ನುವುದನ್ನು ನೋಡಿಯೇ ಮಕ್ಕಳು ಕಲಿಯುತ್ತವೆ. ಆದರೆ ಕೂಡಿ ಕೂರುವುದೂ ಹೊಟ್ಟೆ ತುಂಬಿಸುವುದೂ ಒಂದೇ ಹೊತ್ತಿಗೆ ಆಗಲೇಬೇಕು ಅಂತೇನಿಲ್ಲ.

ಆರೂವರೆಗೆ ಬಿಸಿ ಅಡುಗೆ ಎಲ್ಲಿಂದ ಬರಬೇಕು ಅನ್ನುವುದು ನಿಜವಾದ ತೊಡಕು. ಇದಕ್ಕೆ ಎರಡು ದಾರಿ. ಬೆಳಿಗ್ಗೆ ಡಬ್ಬಿಗೆ ಮಾಡಿದ ಬ್ಯಾಳಿ-ಪಲ್ಯದಲ್ಲಿ ಖಾರ ಹಾಕುವ ಮುಂಚೆ ಒಂದು ಬಟ್ಟಲು ತೆಗೆದು ಫ್ರಿಜ್‌ನಲ್ಲಿಡಿ. ಸಂಜೆ ಕುದಿಯುವಷ್ಟು ಬಿಸಿ ಮಾಡಿ, ಆರಿಸಿ ಕೊಡಿ. ಅನ್ನ-ಬ್ಯಾಳಿಯನ್ನು ಇಡೀ ದಿನ ಹೊರಗಿಟ್ಟು ಸಂಜೆ ಕೊಡಬಾರದು, ಬೇಸಿಗೆಯಲ್ಲಂತೂ ಮುಟ್ಟಲೇಬಾರದು. ಇನ್ನೊಂದು ದಾರಿ ಕುಕ್ಕರ್. ಅಕ್ಕಿ-ಹೆಸರುಬೇಳೆಯನ್ನು ಬೆಳಿಗ್ಗೆಯೇ ಅಳೆದಿಟ್ಟರೆ, ಬಂದ ಕೂಡಲೇ ತೊಳೆದು ಗಜ್ಜರಿ ಹೆಚ್ಚಿ ಹಾಕಿ ಒಲೆಗೇರಿಸಬಹುದು. ಕೈಕಾಲು ತೊಳೆಸಿ ಬಟ್ಟೆ ಬದಲಿಸುವಷ್ಟರಲ್ಲಿ ಕಿಚಡಿ ತಯಾರು. ಆ ಇಪ್ಪತ್ತು ನಿಮಿಷವೂ ತಡೆಯದ ಕೂಸಿಗೆ ಸವತಿಕಾಯಿಯ ತೆಳು ಪಟ್ಟಿ ಅಥವಾ ಮೆತ್ತನೆ ಪೇರಲ ಹಣ್ಣಿನ ತುಣುಕು ಕೊಡಿ. ಅದು ಊಟದ ಹಸಿವನ್ನು ಕೊಲ್ಲುವುದಿಲ್ಲ.

ಬಟ್ಟಲಿಗೆ ಏನು ಹಾಕಬೇಕು

ಜೋಳದ ರೊಟ್ಟಿ ಸಣ್ಣ ಮಕ್ಕಳಿಗೆ ಆಗಿಬರುವುದಿಲ್ಲ ಅಂತ ಬ್ರೆಡ್ ಕೊಡುವವರಿದ್ದಾರೆ. ಅಗತ್ಯ ಇಲ್ಲ. ಹಂಚಿನ ಮೇಲೆ ಉಬ್ಬಿದ ಬಿಸಿ ರೊಟ್ಟಿಯ ಮೇಲಿನ ತೆಳು ಪದರು ಬಿಡಿಸಿ, ಚೂರು ಮಾಡಿ, ಬಿಸಿ ಬ್ಯಾಳಿಯಲ್ಲಿ ನೆನೆಹಾಕಿ. ಐದು ನಿಮಿಷಕ್ಕೆ ಬೆರಳಲ್ಲಿ ಒತ್ತಿದರೆ ಕರಗುವಷ್ಟು ಮೆತ್ತಗಾಗುತ್ತದೆ. ಮೇಲೆ ಅರ್ಧ ಚಮಚ ತುಪ್ಪ. ನಮ್ಮ ಮುಟಗಿಯೂ ಇದಕ್ಕೆ ಹೇಳಿ ಮಾಡಿಸಿದ ತಿನಿಸು. ದಪ್ಪ ಬಿಸಿ ರೊಟ್ಟಿಯನ್ನು ಮುರಿದು, ಮೆಣಸಿನಕಾಯಿ ಬಿಟ್ಟು, ಒಂದೆಸಳು ಬಳ್ಳೊಳ್ಳಿ, ಚಿಟಿಕೆ ಉಪ್ಪು, ತುಪ್ಪ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ. ಕೂಸಿಗಾದರೆ ಸಣ್ಣ ಸಣ್ಣ ತುಣುಕು. ತಾನೇ ಕೈಯಲ್ಲಿ ಹಿಡಿದು ತಿನ್ನುತ್ತದೆ. ಎರಡು ವರ್ಷದ ಮಗುವಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ.

ಜೋಳದ ನುಚ್ಚು-ಮಜ್ಜಿಗೆ, ಹೆಸರುಬೇಳೆ ಕಿಚಡಿ, ಮೆಂತ್ಯೆಸೊಪ್ಪು ಹಾಕಿದ ಬ್ಯಾಳಿ, ಚೆನ್ನಾಗಿ ಬೆಂದ ಮಡಿಕೆಕಾಳು ಹಿಸುಕಿದ್ದು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಇವೆಲ್ಲ ಒಳ್ಳೆಯ ಸಂಜೆ ಊಟಗಳು. ಕಾಳು-ಸೊಪ್ಪಿನ ಮೇಲೆ ಎರಡು ಹನಿ ಇಂಡಿ ನಿಂಬೆಹಣ್ಣು ಹಿಂಡಿ. ನಿಂಬೆಯಲ್ಲಿರುವ ಸಿ ಜೀವಸತ್ವ ಸೊಪ್ಪು-ಕಾಳಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ಒಂದು ಎಚ್ಚರಿಕೆ. ಇಡೀ ಶೇಂಗಾ, ಪುಟಾಣಿ, ಇಡೀ ದ್ರಾಕ್ಷಿ ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ವಿಜಯಪುರದ ಕಡೆ ದ್ರಾಕ್ಷಿ ಹಂಗಾಮಿನಲ್ಲಿ ಮನೆ ತುಂಬ ದ್ರಾಕ್ಷಿ ಇರುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ಅನ್ನಕ್ಕೋ ರೊಟ್ಟಿಗೋ ಕಲಸಿ. ದಣಿದ ಕೂಸು ಅಳುತ್ತಾ, ಓಡುತ್ತಾ ತಿನ್ನುವಾಗ ಗಂಟಲಿಗೆ ಸಿಗುವ ಅಪಾಯ ಇನ್ನೂ ಜಾಸ್ತಿ. ಕೂತೇ ತಿನ್ನಲಿ.

ಹಾಲು, ಚಹಾ, ಬಿಸ್ಕಿಟ್

ನಮ್ಮ ಕಡೆ ಎಮ್ಮೆ ಹಾಲಿನ ಬಳಕೆ ಹೆಚ್ಚು. ಅದರಲ್ಲಿ ಕೊಬ್ಬು ಜಾಸ್ತಿ. 200 ಮಿಲಿಯ ಒಂದು ಲೋಟದಲ್ಲಿ ಸುಮಾರು 200 ಕ್ಯಾಲೊರಿ, ಅಂದರೆ ಕೂಸಿನ ಇಡೀ ದಿನದ ಅಗತ್ಯದ ಐದನೇ ಒಂದು ಭಾಗ. ಆರು ಗಂಟೆಗೆ ಅದನ್ನು ಕುಡಿಸಿ ಎಂಟಕ್ಕೆ ಊಟ ಬೇಡವೆಂದರೆ ಕೂಸಿನ ತಪ್ಪೇನಿದೆ?

ಹಾಲು ಒಳ್ಳೆಯದೇ. ಆದರೆ ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಅದರ ಸುಣ್ಣದಂಶ ಬೇರೆ ಆಹಾರದ ಕಬ್ಬಿಣಾಂಶಕ್ಕೂ ಅಡ್ಡ ಬರುತ್ತದೆ. ಒಂದು ವರ್ಷ ದಾಟಿದ ಮೇಲೆ ದಿನಕ್ಕೆ ಅರ್ಧ ಲೀಟರ್ ಮೀರಬಾರದು ಅಂತ ಮಕ್ಕಳ ವೈದ್ಯರು ಹೇಳುವುದು ಇದಕ್ಕೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ರಕ್ತಹೀನತೆ ಇದೆ. ಇದು ಬಡವರ ಮನೆಯ ಮಾತಷ್ಟೇ ಅಲ್ಲ. ಹಾಲಿನಲ್ಲೇ ಹೊಟ್ಟೆ ತುಂಬಿಸುವ ಉಳ್ಳವರ ಮನೆಯಲ್ಲೂ ಇದೆ.

ಚಹಾದ ಬಗ್ಗೆ ಬಿಚ್ಚಿ ಹೇಳಲೇಬೇಕು. ಸಂಜೆ ದೊಡ್ಡವರು ಚಹಾ ಕುಡಿಯುವಾಗ ಬಸಿಯಲ್ಲಿ ಒಂದಿಷ್ಟು ಹಾಕಿ ಬಿಸ್ಕಿಟ್ ಅದ್ದಿ ಕೊಡುವುದು ಪ್ರೀತಿಯಿಂದಲೇ. ಆದರೆ ಚಹಾದ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಫೀನ್ ನಿದ್ದೆ ಕೆಡಿಸುತ್ತದೆ. ಆರು ಗಂಟೆಯ ಚಹಾ ಕೂಸಿನ ಊಟ, ರಕ್ತ, ನಿದ್ದೆ ಮೂರನ್ನೂ ಕೆಡಿಸುತ್ತದೆ. ಒಂದು ಹನಿಯೂ ಬೇಡ.

ಹಾಲು ಬೇಕೇ ಬೇಕು ಅನ್ನುವ ಕೂಸಿಗೆ ಊಟದ ನಂತರ ಎಂಟರ ಸುಮಾರಿಗೆ ನೂರು-ನೂರೈವತ್ತು ಮಿಲಿ ಲೋಟದಲ್ಲಿ ಕೊಡಿ. ಆಮೇಲೆ ಹಲ್ಲು ತಿಕ್ಕಿಸಿ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದರೆ ಹಾಲಿನ ಸಕ್ಕರೆ ರಾತ್ರಿಯಿಡೀ ಹಲ್ಲಿಗಂಟಿ ಮುಂದಿನ ಹಲ್ಲುಗಳೇ ಹುಳುಕಾಗುತ್ತವೆ. ಟೂತ್‌ಪೇಸ್ಟ್ ಒಂದು ಅಕ್ಕಿಕಾಳಿನಷ್ಟು ಸಾಕು.

ಡೇಕೇರ್‌ನಲ್ಲಿ ಏನು ಕೇಳಬೇಕು

ಕರೆದುಕೊಂಡು ಬರುವಾಗ "ಊಟ ಮಾಡ್ಯಾನೇನ್ರಿ?" ಅಂದರೆ "ಹೂನ್ರಿ, ಮಾಡ್ಯಾನ್ರಿ" ಅಂತಲೇ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಮಧ್ಯಾಹ್ನ ಎಷ್ಟು ಉಂಡ, ನಾಲ್ಕಕ್ಕೆ ಏನು ತಿಂದ, ನಿದ್ದೆಯಿಂದ ಎಷ್ಟು ಗಂಟೆಗೆ ಎದ್ದ, ಇಷ್ಟು ಕೇಳಿ. ನೋಡಿಕೊಳ್ಳುವವರನ್ನು ಅನುಮಾನದಿಂದ ಕೇಳಬೇಡಿ. ಸಂಜೆಯ ಊಟಕ್ಕೆ ಈ ಮಾಹಿತಿ ಬೇಕು ಅಂತ ಹೇಳಿದರೆ ಅವರೂ ಗಮನವಿಡುತ್ತಾರೆ. ಡಬ್ಬಿ ಕಳಿಸುವವರು ವಾಪಸ್ ಬಂದ ಡಬ್ಬಿ ತೆರೆದು ನೋಡಿದರೂ ಅರ್ಧ ತಿಳಿಯುತ್ತದೆ. ಅನ್ನ ಖಾಲಿಯಾಗಿ ಪಲ್ಯ ಹಾಗೇ ಇದ್ದರೆ, ಸಂಜೆ ಪಲ್ಯಕ್ಕೆ ಜಾಗ ಮಾಡಿಕೊಳ್ಳಬಹುದು.

ನಿದ್ದೆಯಿಂದ ಎದ್ದ ಹೊತ್ತು ಎಲ್ಲಕ್ಕಿಂತ ಮುಖ್ಯ. ಎರಡು ವರ್ಷದ ಕೂಸು ಒಂದು ನಿದ್ದೆಯಿಂದ ಎದ್ದ ಮೇಲೆ ಮತ್ತೆ ನಿದ್ದೆಗೆ ತಯಾರಾಗಲು ಐದು-ಆರು ತಾಸು ಬೇಕು. ಮೂರಕ್ಕೆ ಎದ್ದರೆ ಒಂಬತ್ತಕ್ಕೆ ಮಲಗುತ್ತದೆ. ಐದರ ತನಕ ಮಲಗಿಸಿದರೆ ರಾತ್ರಿ ಒಂಬತ್ತಕ್ಕೆ ಏನು ಮಾಡಿದರೂ ಮಲಗುವುದಿಲ್ಲ. ಮಧ್ಯಾಹ್ನ ಚೆನ್ನಾಗಿ ಉಂಡ ದಿನ ಸಂಜೆ ಕಡಿಮೆ ತಿಂದರೆ ಗಾಬರಿಯಾಗಬೇಡಿ. ಸಣ್ಣ ಮಕ್ಕಳ ಊಟ ಹೊತ್ತಿನಿಂದ ಹೊತ್ತಿಗೆ ಏರಿಳಿಯುತ್ತದೆ, ದಿನದ ಒಟ್ಟು ಲೆಕ್ಕದಲ್ಲಿ ಸರಿಹೋಗುತ್ತದೆ.

ಒತ್ತಾಯ ಮಾಡಬೇಕೇ?

ಬೇಡ. ಏನು, ಯಾವಾಗ, ಎಲ್ಲಿ ಕೊಡಬೇಕು ಅನ್ನುವುದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಕೂಸಿನದು. ಮುಖ ತಿರುಗಿಸಿದರೆ, ಬಾಯಿ ಬಿಗಿದರೆ ಸಾಕು ಅಂತ ಅರ್ಥ. ಇಪ್ಪತ್ತು-ಇಪ್ಪತ್ತೈದು ನಿಮಿಷದ ಮೇಲೆ ತಾಟು ತೆಗೆಯಿರಿ. ಹೊಸ ಪಲ್ಯವನ್ನು ಒಂದೆರಡು ಸಲ ಉಗುಳಿದ್ದಕ್ಕೇ ಕೈಬಿಡಬೇಡಿ. ಹತ್ತು-ಹದಿನೈದು ಸಲ ಕಂಡ ಮೇಲೆ ಒಪ್ಪುವುದು ಈ ವಯಸ್ಸಿನ ಸಹಜ ಸ್ವಭಾವ.

ಮೊಬೈಲ್ ತೋರಿಸಿ ಉಣಿಸಿದರೆ ಎರಡು ತುತ್ತು ಜಾಸ್ತಿ ಹೋಗುತ್ತದೆ, ನಿಜ. ಆದರೆ ಹೊಟ್ಟೆ ತುಂಬಿತು ಅನ್ನುವ ಸೂಚನೆ ಕೂಸಿಗೆ ತಿಳಿಯುವುದೇ ಇಲ್ಲ. ರಾತ್ರಿ ಹೊತ್ತಿನ ಆ ಬೆಳಕು ನಿದ್ದೆಯನ್ನೂ ಮುಂದೂಡುತ್ತದೆ. ಊರಿನಿಂದ ಬಂದ ಅಜ್ಜಿ "ಸೊರಗ್ಯಾದಲ್ಲವ ಕೂಸು, ಇನ್ನೊಂದು ತುತ್ತು ಹಾಕು" ಅಂದಾಗ ಬೇಡ ಅನ್ನುವುದು ಕಷ್ಟ. ಅವರಿಗೆ ಬೇರೆ ಕೆಲಸ ಕೊಡಿ. ಊಟ ಆದ ಮೇಲೆ ಕತೆ ಹೇಳಿ ಮಲಗಿಸುವುದು ಅಜ್ಜಿಯದು. ಅದರಲ್ಲಿ ಅವರನ್ನು ಮೀರಿಸುವವರಿಲ್ಲ.

ಬೇಸಿಗೆಯಲ್ಲಿ

ಏಪ್ರಿಲ್-ಮೇನಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ದೊಡ್ಡವರಿಗೇ ಉಣ್ಣಲು ಮನಸ್ಸಾಗುವುದಿಲ್ಲ. ಡೇಕೇರ್‌ನಿಂದ ಬಂದ ಕೂಡಲೇ ಮೊದಲು ನೀರು, ಮೈ ತೊಳೆಸುವುದು, ಆಮೇಲೆ ಊಟ. ಮಜ್ಜಿಗೆ ಅನ್ನ, ನುಚ್ಚು, ಕಲ್ಲಂಗಡಿ ಹಣ್ಣು ಹೋಗುತ್ತವೆ. ಊಟದ ಪ್ರಮಾಣ ಇಳಿದರೂ ಹೊತ್ತು ಬದಲಿಸಬೇಡಿ.

ಡಾಕ್ಟರ್‌ಗೆ ತೋರಿಸುವುದು ಯಾವಾಗ

ಒಂದು ಹೊತ್ತು ಬಿಟ್ಟರೆ ಚಿಂತೆ ಬೇಡ. ಆದರೆ ತೂಕ ಏರದೆ ನಿಂತರೆ ಅಥವಾ ಇಳಿದರೆ, ಮುಖ ಬಿಳಿಚಿದರೆ, ಮಣ್ಣು-ಸುಣ್ಣ ತಿನ್ನತೊಡಗಿದರೆ, ತುತ್ತಿಗೊಮ್ಮೆ ಕೆಮ್ಮಿದರೆ, ರಾತ್ರಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿದಂತೆ ಮಾಡಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಣ್ಣು ತಿನ್ನುವುದು ಕಬ್ಬಿಣಾಂಶದ ಕೊರತೆಯ ಗುರುತಾಗಿರಬಹುದು. ಹತ್ತಿರದ ಅಂಗನವಾಡಿಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನ ಪಟ್ಟಿಯಲ್ಲಿ ಬರೆಸಿಟ್ಟರೆ ಅನುಮಾನಕ್ಕೆ ಜಾಗ ಇರುವುದಿಲ್ಲ.

ಈಗಿನ ಹೊತ್ತು ಬದಲಿಸುವುದು ಹೇಗೆ

ಹತ್ತೂವರೆಗೆ ಮಲಗುವ ಕೂಸನ್ನು ನಾಳೆಯಿಂದಲೇ ಒಂಬತ್ತಕ್ಕೆ ಮಲಗಿಸಲು ಹೋದರೆ ಒಂದೂವರೆ ತಾಸು ಕತ್ತಲಲ್ಲಿ ಗುದ್ದಾಟ ಆಗುತ್ತದೆ. ಮೊದಲು ಬೆಳಗಿನ ಹೊತ್ತು ಹಿಡಿಯಿರಿ. ರಾತ್ರಿ ಎಷ್ಟಕ್ಕೇ ಮಲಗಿರಲಿ, ಏಳಕ್ಕೆ ಎಬ್ಬಿಸಿ ಹೊರಗಿನ ಬೆಳಕಿಗೆ ಕರೆತನ್ನಿ. ಜೊತೆಗೆ ಸಂಜೆಯ ಊಟವನ್ನು ಮನೆಗೆ ಬಂದ ಹೊತ್ತಿಗೆ ತನ್ನಿ. ಇವೆರಡು ಕೂತ ಮೇಲೆ ಮಲಗುವ ಹೊತ್ತನ್ನು ಎರಡು-ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ಸರಿಸಿ. ಎರಡು-ಮೂರು ವಾರಕ್ಕೆ ಒಂಬತ್ತಕ್ಕೆ ಬರುತ್ತದೆ. ನಡುವೆ ಊರ ಜಾತ್ರೆಯೋ ಮದುವೆಯೋ ಬಂದು ಒಂದು ರಾತ್ರಿ ತಪ್ಪಿದರೆ, ಮರುದಿನ ಬೆಳಿಗ್ಗೆ ಅದೇ ಏಳಕ್ಕೆ ಎಬ್ಬಿಸಿ ಮುಂದುವರಿಸಿ. ಎಂಟೂವರೆ-ಒಂಬತ್ತಕ್ಕೆ ಕೆಲಸದಿಂದ ಬರುವ ಅಪ್ಪನಿಗೆ ಕೂಸಿನ ಜೊತೆ ಹೊತ್ತು ಸಿಗುವುದಿಲ್ಲ ಅನ್ನುವ ಬೇಸರ ಇದ್ದೇ ಇರುತ್ತದೆ. ಏಳಕ್ಕೆ ಎಬ್ಬಿಸುವುದು, ಬೆಳಗಿನ ಉಪ್ಪಿಟ್ಟು ಉಣಿಸುವುದು, ಡೇಕೇರ್‌ಗೆ ಬಿಟ್ಟು ಬರುವುದು ಅಪ್ಪನ ಪಾಲಿಗೆ ಇರಲಿ. ಆಗ ಒಂಬತ್ತಕ್ಕೆ ಮಲಗಿದ ಕೂಸನ್ನು ಮಾತಾಡಿಸಲೆಂದು ಎಬ್ಬಿಸಬೇಕಾಗುವುದಿಲ್ಲ.